ಬೆನ್ನಿನ ಸೂಜಿ, ಮೊಣಕಾಲು ಮತ್ತು ಸಂಜೆಯ ಬಸ್ಸು

ಹೋದ ತಿಂಗಳು ಅಕ್ಕಲಕೋಟೆಯ ಬಸ್ ನಿಲ್ದಾಣದಲ್ಲಿ ನನ್ನ ಹಳೆಯ ಗ್ರಾಹಕರೊಬ್ಬರು ಸಿಕ್ಕರು. ನಾನು ಬ್ಯಾಂಕಿನ ಕೌಂಟರಿನಲ್ಲಿದ್ದಾಗ ಪ್ರತಿ ಸುಗ್ಗಿಗೆ ತೊಗರಿಯ ದುಡ್ಡು ತಂದು ಕಟ್ಟುತ್ತಿದ್ದವರು. ಈಗ ಕೋಲು ಹಿಡಿದು ನಡೆಯುತ್ತಾರೆ. ಬಾವಿಯ ಮೆಟ್ಟಿಲು ಇಳಿಯುವಾಗ ಮೊಣಕಾಲು ತಿರುಗಿ, ಅಂದಿನಿಂದ ಕಾಲು ಪೂರ್ತಿ ನೀಡಲು ಬರುವುದಿಲ್ಲವಂತೆ, ಕೀಲಿ ಹಾಕಿದ ಹಾಗೆ ಹಿಡಿದುಕೊಂಡಿದೆಯಂತೆ. "ಸೊಲ್ಲಾಪುರದಾಗ ದುರ್ಬೀನ ಹಾಕಿ ಆಪರೇಷನ್ ಮಾಡ್ತಾರಂತ್ರೀ. ಮುಂಜಾನೆ ಹೋಗಿ ಸಂಜಿಗೆ ಮನಿಗೆ ಬರಬಹುದಂತ. ಬೆನ್ನಾಗ ಸೂಜಿ ಹಾಕ್ತಾರಂತ. ಏನು ಔಷಧಾ ಹಾಕ್ತೀರಿ ಅಂತ ಕೇಳಿದ್ರ, ಮನಿಯವ್ರು ನನ್ನ ನೋಡಿ ನಗ್ತಾರ" ಎಂದರು.

ನಗುವ ಮಾತಲ್ಲ ಅದು. ಬಸ್ಸು ಬರುವ ತನಕ ನನಗೆ ತಿಳಿದಷ್ಟು ಅವರಿಗೆ ಹೇಳಿದೆ. ಅದನ್ನೇ ಇಂದು ನಿಮಗೂ ಹೇಳುತ್ತೇನೆ. ನಾನು ಡಾಕ್ಟರಲ್ಲ, ಮೆಟ್ರಿಕ್ ಮುಗಿಸಿ ಲೆಡ್ಜರು ಬರೆದವನು. ಆದರೆ ಈ ಸೂಜಿಯನ್ನು ಒಮ್ಮೆ ನಾನೇ ಹಾಕಿಸಿಕೊಂಡಿದ್ದೇನೆ, ಇನ್ನೊಮ್ಮೆ ನನ್ನ ತಮ್ಮನ ಮಗನಿಗೆ ಹಾಕುವಾಗ ಜತೆಗಿದ್ದೇನೆ. ಎರಡಕ್ಕೂ ನಡುವೆ ಹನ್ನೊಂದು ವರ್ಷದ ಅಂತರ. ಎರಡೂ ಸಲ ಬೆನ್ನಿಗೆ ಹಾಕಿದ್ದು ಬೇರೆ ಬೇರೆ ಔಷಧ. ಆ ವ್ಯತ್ಯಾಸ ಎಷ್ಟು ದೊಡ್ಡದೆಂದು ನನ್ನ ಹೊಟ್ಟೆಯ ಕೆಳಭಾಗಕ್ಕೆ ಚೆನ್ನಾಗಿ ಗೊತ್ತು.

ಮೊದಲು ನನ್ನ ಕಥೆ. 2012ರಲ್ಲಿ ನನ್ನ ಬಲಗಾಲಿನ ಮೊಣಕಾಲಿನೊಳಗಿನ ಗಾದಿಯಂಥ ಮೆತ್ತನೆಯ ಎಲುಬು ಹರಿದಿತ್ತು. ಡಾಕ್ಟರರು ಅದಕ್ಕೆ ಮಿನಿಸ್ಕಸ್ ಎನ್ನುತ್ತಾರೆ. ಬೆಳಿಗ್ಗೆ ಹನ್ನೊಂದಕ್ಕೆ ಬೆನ್ನಿಗೆ ಸೂಜಿ ಹಾಕಿದರು. ಎರಡು ಸಣ್ಣ ತೂತು ಮಾಡಿ, ಒಂದರಲ್ಲಿ ದುರ್ಬೀನು, ಇನ್ನೊಂದರಲ್ಲಿ ಕತ್ತರಿ ಹಾಕಿ, ಹರಿದ ಚೂರು ತೆಗೆದರು. ಅರ್ಧ ಗಂಟೆಯ ಕೆಲಸ. "ಸಂಜೆಗೆ ಮನೆಗೆ" ಎಂದು ಮೊದಲೇ ಹೇಳಿದ್ದರು. ನನ್ನ ತಮ್ಮ ಕೆಳಗೆ ಚಹಾದಂಗಡಿಯಲ್ಲಿ ಕುಳಿತಿದ್ದ.

ಮೂರು ಗಂಟೆಗೆ ಬೆರಳು ಅಲುಗಾಡಿದವು. ಐದಕ್ಕೆ ಎದ್ದು ನಿಂತೆ. ಆದರೆ ಮೂತ್ರ ಬರಲಿಲ್ಲ. ನರ್ಸಮ್ಮ ಬಂದು ಬಂದು ಮರಾಠಿಯಲ್ಲಿ "ಲಘವೀ ಝಾಲೀ ಕಾ ಕಾಕಾ?" ಎಂದು ಕೇಳುತ್ತಿದ್ದರು. ನಲ್ಲಿ ಬಿಟ್ಟು ನೀರಿನ ಸದ್ದು ಕೇಳಿಸಿದರು. ಬಿಸಿ ನೀರಿನ ಚೀಲ ಇಟ್ಟರು. ಏನೂ ಆಗಲಿಲ್ಲ. ಬಾಟಲಿಗಟ್ಟಲೆ ಸಲೈನ್ ಒಳಗೆ ಹೋಗಿತ್ತು, ಹೊರಗೆ ಬರುವ ದಾರಿ ಮಾತ್ರ ಮುಚ್ಚಿತ್ತು. ಊರಿಗೆ ಕೊನೆಯ ಬಸ್ಸು ಹೋಯಿತು. ರಾತ್ರಿ ಒಂಬತ್ತಕ್ಕೆ ಹೊಟ್ಟೆ ಕಲ್ಲಿನಂತಾಗಿ, ಕೊನೆಗೆ ನಳಿಕೆ ಹಾಕಿ ತೆಗೆದರು. ಆ ರಾತ್ರಿ ಆಸ್ಪತ್ರೆಯಲ್ಲೇ ಮಲಗಿದೆ. ತಮ್ಮ ವರಾಂಡದಲ್ಲಿ ಪೇಪರ್ ಹಾಸಿ ಮಲಗಿದ. ಯಾರದೋ ತಪ್ಪೆಂದು ನಾನು ಹೇಳುತ್ತಿಲ್ಲ. ಅಂದು ಅಲ್ಲಿ ದೊಡ್ಡ ಆಪರೇಷನ್ನಿಗೂ ಸಣ್ಣದಕ್ಕೂ ಅದೇ ಔಷಧ, ಅದೇ ಅಳತೆ ರೂಢಿಯಲ್ಲಿತ್ತು. ನಾನೂ ಏನೂ ಕೇಳಿರಲಿಲ್ಲ.

ಈಗ ವಿಷಯಕ್ಕೆ ಬರೋಣ. ನಮ್ಮ ಬೆನ್ನೆಲುಬಿನ ಮಣಿಗಳ ಒಳಗೆ ಕೊಳವೆಯಂಥ ದಾರಿಯಿದೆ. ಅದರಲ್ಲಿ ಮಿದುಳಿನಿಂದ ಇಳಿದು ಬಂದ ನರದ ಹುರಿ ಇದೆ. ಹುರಿಯ ಸುತ್ತ ತಿಳಿನೀರಿನಂಥ ದ್ರವವಿದೆ. ಹುರಿ ಸೊಂಟದ ಮೊದಲ ಅಥವಾ ಎರಡನೆಯ ಮಣಿಯ ಹತ್ತಿರ ಮುಗಿಯುತ್ತದೆ. ಅದರ ಕೆಳಗೆ ಬಿಡಿ ಬಿಡಿ ನರಗಳು ಕುದುರೆಯ ಬಾಲದ ಹಾಗೆ ಇಳಿಬಿದ್ದಿರುತ್ತವೆ. ಸೂಜಿ ಹಾಕುವುದು ಈ ಬಾಲದ ಜಾಗದಲ್ಲಿ, ಮೂರು ಮತ್ತು ನಾಲ್ಕನೆಯ ಮಣಿಯ ನಡುವೆ ಅಥವಾ ಇನ್ನೂ ಕೆಳಗೆ. ಆದ್ದರಿಂದ "ಹುರಿಗೇ ಚುಚ್ಚಿ ಲಕವಾ ಹೊಡಿಸ್ತಾರ" ಎಂಬ ಹೆದರಿಕೆ ಇಟ್ಟುಕೊಳ್ಳಬೇಡಿ. ಇನ್ನೊಂದು ಮಾತು ನಮ್ಮ ಕಡೆಯ ಹೆಣ್ಣುಮಕ್ಕಳಲ್ಲಿ ಬಹಳ ಇದೆ: ಹೆರಿಗೆಯಲ್ಲಿ ಬೆನ್ನಿಗೆ ಸೂಜಿ ಹಾಕಿದ್ದಕ್ಕೇ ಜನ್ಮವಿಡೀ ಬೆನ್ನುನೋವು ಎಂದು. ಚುಚ್ಚಿದ ಜಾಗ ನಾಲ್ಕಾರು ದಿನ ನೋಯುತ್ತದೆ, ನಿಜ. ವರ್ಷಗಟ್ಟಲೆ ಉಳಿಯುವ ಬೆನ್ನುನೋವಿಗೆ ಈ ಸೂಜಿ ಕಾರಣವಲ್ಲವೆಂದು ಪರೀಕ್ಷಿಸಿ ನೋಡಿದ್ದಾರೆ.

ಆ ತಿಳಿನೀರಿಗೆ ಔಷಧ ಬಿಟ್ಟರೆ ಅದು ನರಗಳನ್ನು ತೋಯಿಸುತ್ತದೆ. ನರದಲ್ಲಿ ಸುದ್ದಿ ಹರಿಯಬೇಕಾದರೆ ಸೋಡಿಯಂ ಕಣಗಳು ಸಣ್ಣ ಬಾಗಿಲುಗಳ ಮೂಲಕ ಒಳಗೆ ನುಗ್ಗಬೇಕು. ಔಷಧ ಆ ಬಾಗಿಲಿಗೆ ಅಡ್ಡ ನಿಲ್ಲುತ್ತದೆ. ಸುದ್ದಿ ನಿಂತಿತೆಂದರೆ ನೋವೂ ನಿಂತಿತು. ಮೊದಲು ಪಾದ ಬೆಚ್ಚಗಾಗುತ್ತದೆ, ಆಮೇಲೆ ಜೋಮು ಹಿಡಿಯುತ್ತದೆ, ಆಮೇಲೆ ಕಾಲು ನಮ್ಮದಲ್ಲ ಅನ್ನಿಸುತ್ತದೆ. ರಕ್ತದೊತ್ತಡ ಸ್ವಲ್ಪ ಇಳಿಯುತ್ತದೆ, ಅದಕ್ಕೇ ಸಲೈನ್ ಹಚ್ಚಿರುತ್ತಾರೆ. ತಲೆ ಮಾತ್ರ ಎಚ್ಚರ. ನಾನು ಪರದೆಯ ಮೇಲೆ ನನ್ನ ಮೊಣಕಾಲಿನ ಒಳಗನ್ನು ನಾನೇ ನೋಡಿದೆ, ಹಸಿ ಕೊಬ್ಬರಿಯ ಹಾಗೆ ಬೆಳ್ಳಗಿತ್ತು.

ಇದನ್ನು ಆಪರೇಷನ್ನಿಗೆ ಮೊದಲು ಬಳಸಿದವರು ಜರ್ಮನಿಯ ಕೀಲ್ ಊರಿನ ಅಗಸ್ಟ್ ಬೀರ್ ಎಂಬ ಸರ್ಜನ್, 1898ರ ಆಗಸ್ಟ್ ತಿಂಗಳಲ್ಲಿ. ಔಷಧ ಕೊಕೇನ್. ಕೆಲವೇ ದಿನಗಳ ಮೇಲೆ ಅವರೂ ಅವರ ಸಹಾಯಕ ಹಿಲ್ಡೆಬ್ರಾಂಟ್ ಎಂಬವರೂ ಒಬ್ಬರ ಮೇಲೊಬ್ಬರು ಪ್ರಯೋಗಕ್ಕೆ ಇಳಿದರು. ಬೀರ್ ಅವರ ಸರದಿಯಲ್ಲಿ ಪಿಚಕಾರಿ ಸೂಜಿಗೆ ಸರಿಯಾಗಿ ಕೂಡದೆ ಬೆನ್ನಿನ ನೀರು ಸೋರಿಹೋಯಿತು. ಹಿಲ್ಡೆಬ್ರಾಂಟರ ಕಾಲು ಮಾತ್ರ ಚೆನ್ನಾಗಿ ಮರಗಟ್ಟಿತು. ಸುತ್ತಿಗೆಯಿಂದ ಹೊಡೆದರು, ಉರಿಯುವ ಚುಟ್ಟಾ ತಾಗಿಸಿದರು, ನೋವಾಗಲಿಲ್ಲ. ಸಂತೋಷಕ್ಕೆ ಇಬ್ಬರೂ ಕೂಡಿ ವೈನ್ ಕುಡಿದರು. ಮರುದಿನದಿಂದ ತಲೆನೋವು. ಬೀರ್ ಒಂಬತ್ತು ದಿನ ಹಾಸಿಗೆ ಬಿಡಲಿಲ್ಲ. ಪಾಪ, ಇಬ್ಬರೂ ವೈನನ್ನು ಶಪಿಸಿರಬೇಕು! ಈ ತಲೆನೋವಿನ ವಿಚಾರಕ್ಕೆ ಮುಂದೆ ಬರುತ್ತೇನೆ.

ಕೊಕೇನ್ ವಿಷದಂಥದ್ದು, ಅದನ್ನು ಬಿಟ್ಟರು. ಬೇರೆ ಬೇರೆ ಔಷಧಗಳು ಬಂದವು. 1943ರಲ್ಲಿ ಸ್ವೀಡನ್ನಿನಲ್ಲಿ ಲಿಗ್ನೋಕೇನ್ ತಯಾರಾಯಿತು. ಹಲ್ಲು ಕೀಳಿಸಿದವರೆಲ್ಲ ಇದನ್ನು ಬಲ್ಲಿರಿ. ಬೆನ್ನಿಗೂ ಇದು ಬಹಳ ಅನುಕೂಲವಾಗಿತ್ತು. ಬೇಗ ಹಿಡಿಯುತ್ತದೆ, ಗಂಟೆ ಒಂದೂವರೆ ಗಂಟೆಯಲ್ಲಿ ಬಿಡುತ್ತದೆ. ಒಂದೇ ದಿನದಲ್ಲಿ ಮನೆಗೆ ಕಳಿಸುವ ಆಪರೇಷನ್ನಿಗೆ ಹೇಳಿ ಮಾಡಿಸಿದಂತಿತ್ತು. ಆದರೆ 1993ರಲ್ಲಿ ಕೆಲವು ರೋಗಿಗಳ ವರದಿ ಬಂತು. ಸೂಜಿಯ ಪ್ರಭಾವ ಪೂರ್ತಿ ಇಳಿದ ಮೇಲೆ, ಅದೇ ದಿನವೋ ಮರುದಿನವೋ, ಕುಂಡೆಯಿಂದ ತೊಡೆಗೆ ಇಳಿಯುವ ಕೆಟ್ಟ ನೋವು. ಎರಡು ದಿನ, ನಾಲ್ಕು ದಿನ ಇದ್ದು ತಾನೇ ಹೋಗುತ್ತದೆ, ಕಾಲಿನ ಬಲ ಹೋಗುವುದಿಲ್ಲ. ಆಮೇಲೆ ಜಗತ್ತಿನ ತುಂಬ ನೋಡಿದಾಗ, ಬೇರೆ ಔಷಧಗಳಿಗಿಂತ ಲಿಗ್ನೋಕೇನಿನಲ್ಲೇ ಇದು ಬಹಳ ಹೆಚ್ಚು ಎಂದು ಖಚಿತವಾಯಿತು. ಅದರಲ್ಲೂ ಕಾಲೆತ್ತಿ ಕಟ್ಟಿ ಮಾಡುವ ಆಪರೇಷನ್ನುಗಳಲ್ಲಿ ಮತ್ತು ಮೊಣಕಾಲಿನ ದುರ್ಬೀನಿನಲ್ಲಿ. ನೋಡಿ, ಯಾವ ಕೆಲಸಕ್ಕೆ ಅದು ಬೇಕಿತ್ತೋ ಅಲ್ಲೇ ಕೈಕೊಟ್ಟಿತು. ಬಹಳ ಕಡೆ ಅದನ್ನು ಬೆನ್ನಿಗೆ ಹಾಕುವುದನ್ನೇ ನಿಲ್ಲಿಸಿದರು.

ಉಳಿದದ್ದು ಬುಪಿವಕೇನ್. ಇದೂ ಸ್ವೀಡನ್ನಿನದೇ, 1957ರದು. ನಮ್ಮ ಕಡೆಯ ಆಸ್ಪತ್ರೆಗಳಲ್ಲಿ ಸಿಸೇರಿಯನ್, ಹರ್ನಿಯಾ, ಮುರಿದ ಕಾಲು, ಎಲ್ಲಕ್ಕೂ ಹೆಚ್ಚಾಗಿ ಇದೇ. ನೀವು 'ಹೆವಿ' ಎಂಬ ಮಾತು ಕೇಳಿರಬಹುದು. ಅದರಲ್ಲಿ ಸಕ್ಕರೆ ಕೂಡಿಸಿರುತ್ತಾರೆ, ಹಾಗಾಗಿ ಬೆನ್ನಿನ ನೀರಿಗಿಂತ ಭಾರ, ತಗ್ಗು ಯಾವ ಕಡೆಯೋ ಆ ಕಡೆ ಹೋಗಿ ಕೂಡುತ್ತದೆ. ಲಿಗ್ನೋಕೇನಿನ ಹಾಗೆ ಆಮೇಲೆ ತೊಡೆನೋವು ಬರುವುದು ಇದರಲ್ಲಿ ಅಪರೂಪ. ನಂಬಿಕೆಯ ಔಷಧ. ಅದರ ಒಂದೇ ದೋಷವೆಂದರೆ ಹೊರಡುವುದು ತಡ.

ಬ್ಯಾಂಕಿನವನ ಲೆಕ್ಕದಲ್ಲಿ ಹೇಳುತ್ತೇನೆ. ಲಿಗ್ನೋಕೇನ್ ಉಳಿತಾಯ ಖಾತೆ, ಬೇಕಾದಾಗ ತೆಗೆಯಬಹುದು. ಬುಪಿವಕೇನ್ ಮುದ್ದತ್ತಿನ ಠೇವಣಿ, ಅವಧಿ ಮುಗಿಯುವ ತನಕ ಕೈಗೆ ಬಾರದು. ಆಪರೇಷನ್ ಅರ್ಧ ಗಂಟೆಯದು, ಮುದ್ದತ್ತು ಆರು ತಾಸಿನದು ಇದ್ದರೆ ಉಳಿದ ಐದೂವರೆ ತಾಸು ನೀವು ಸುಮ್ಮನೆ ಬಡ್ಡಿ ಕಟ್ಟುತ್ತೀರಿ.

ಆದರೆ ಮುದ್ದತ್ತನ್ನು ಸಣ್ಣದು ಮಾಡಬಹುದು. ಅಳತೆಯ ಲೆಕ್ಕ ಕೇಳಿ. ಹೆವಿ ಬುಪಿವಕೇನ್ ಶೇಕಡಾ ಅರ್ಧದ್ದು. ಅಂದರೆ ಒಂದು ಮಿಲಿಲೀಟರಿನಲ್ಲಿ 5 ಮಿಲಿಗ್ರಾಮ್. ಮೂರು ಮಿಲಿಲೀಟರ್ ಹಾಕಿದರೆ 15 ಮಿಲಿಗ್ರಾಮ್. ಇಷ್ಟಕ್ಕೆ ಕಾಲು ಮೂರು ನಾಲ್ಕು ತಾಸು ಏಳುವುದಿಲ್ಲ, ಮೂತ್ರ ಬರಲು ಆರರಿಂದ ಎಂಟು ತಾಸಾಗಬಹುದು. 2012ರಲ್ಲಿ ನನಗೆ ಹಾಕಿದ್ದು ಇದೇ. ಡಿಸ್ಚಾರ್ಜ್ ಕಾಗದದಲ್ಲಿ ಬರೆದಿತ್ತು, ನಾನು ಇಂದಿಗೂ ಇಟ್ಟಿದ್ದೇನೆ. ಕಾಗದ ಎಸೆಯುವ ಬುದ್ಧಿ ನಮ್ಮ ವೃತ್ತಿಯವರಿಗೆ ಬರುವುದಿಲ್ಲ. ಈಗ ಮೊಣಕಾಲಿನ ಸಣ್ಣ ಕೆಲಸಕ್ಕೆ 5ರಿಂದ 7.5 ಮಿಲಿಗ್ರಾಮ್, ಅಂದರೆ ಒಂದರಿಂದ ಒಂದೂವರೆ ಮಿಲಿಲೀಟರ್ ಸಾಕೆಂದು ಮಾಡುತ್ತಾರೆ. ಆಪರೇಷನ್ನಿನ ಕಾಲು ಕೆಳಗೆ ಬರುವ ಹಾಗೆ ಮಗ್ಗುಲಾಗಿ ಮಲಗಿಸಿ ಹತ್ತು ಹದಿನೈದು ನಿಮಿಷ ಹಾಗೇ ಬಿಡುತ್ತಾರೆ. ಭಾರದ ಔಷಧ ಆ ಕಡೆಯ ನರಗಳ ಮೇಲೆಯೇ ಹೆಚ್ಚು ಕೂಡುತ್ತದೆ, ಇನ್ನೊಂದು ಕಾಲು ಅರ್ಧ ನಮ್ಮದಾಗಿಯೇ ಉಳಿಯುತ್ತದೆ. ಹಿಡಿತ ಕಡಿಮೆಯಾದೀತೆಂದು ಫೆಂಟನಿಲ್ ಎಂಬ ನೋವುನಿವಾರಕವನ್ನು ಒಂದು ಚೂರು ಬೆರೆಸುತ್ತಾರೆ, 10ರಿಂದ 25 ಮೈಕ್ರೋಗ್ರಾಮ್. ಅದರಿಂದ ಮುಖ, ಎದೆ ತುರಿಸಬಹುದು. ಅಲರ್ಜಿಯೆಂದು ಗಾಬರಿ ಬೇಡ, ಆದರೆ ಹೇಳಿ.

ಇಷ್ಟು ಸುಲಭವಿದ್ದರೆ ಎಲ್ಲರಿಗೂ ಕಡಿಮೆಯೇ ಯಾಕೆ ಹಾಕುವುದಿಲ್ಲ? ನಾನೂ ಕೇಳಿದ್ದೆ. ಮೊಣಕಾಲಿನಲ್ಲಿ ರಕ್ತ ತುಂಬಿ ಕಾಣದಂತಾಗಬಾರದೆಂದು ತೊಡೆಗೆ ಗಾಳಿಪಟ್ಟಿ ಬಿಗಿಯುತ್ತಾರೆ. ಅದರ ಹಿಸುಕು ಸಾಮಾನ್ಯವಲ್ಲ. ಔಷಧ ಮೊಣಕಾಲಿಗೆ ಮಾತ್ರ ಸಾಕಾಗಿ ತೊಡೆಯ ಮೇಲಿನ ತನಕ ಏರದಿದ್ದರೆ, ನಡುವೆ ಆ ಪಟ್ಟಿಯ ನೋವು ತಡೆಯಲಾಗುವುದಿಲ್ಲ. ಒಳಗೆ ಹೋಗಿ ನೋಡಿದಾಗ ಹೊಲಿಗೆ ಹಾಕಬೇಕಾಗಿ ಬಂದು ಕೆಲಸ ಉದ್ದವಾಗಬಹುದು. ಆಗ ನಡುವೆಯೇ ಪೂರ್ತಿ ನಿದ್ರೆಯ ಔಷಧ ಕೊಡಬೇಕಾಗುತ್ತದೆ. ಬೆನ್ನಿಗೆ ತಾನೇ ಸೂಜಿ, ಉಪವಾಸ ಯಾಕೆ ಎಂದು ಕೇಳುವವರು ನೆನಪಿಡಿ, ಈ ಕಾರಣಕ್ಕೇ ಊಟ ಬಿಟ್ಟು ಆರು ತಾಸಾಗಿರಬೇಕು. ಬರೀ ನೀರನ್ನು ಎರಡು ತಾಸು ಮುಂಚಿನ ತನಕ ಕುಡಿಯಲು ಈಗ ಬಿಡುತ್ತಾರೆ. ಹಾಲು ಹಾಕಿದ ಚಹಾ ನೀರಲ್ಲ. ಇದನ್ನು ನಮ್ಮ ಮನೆಯಲ್ಲೇ ಯಾರೂ ಒಪ್ಪುವುದಿಲ್ಲ.

ಇನ್ನು ಹೊಸದಾಗಿ ಬಂದ ಹಳೆಯ ಔಷಧ. ಹೆಸರು ಕ್ಲೋರೋಪ್ರೋಕೇನ್. 1950ರ ದಶಕದಲ್ಲೇ ಇತ್ತು. ಆದರೆ 1980ರ ಸುಮಾರಿಗೆ, ಬೆನ್ನಿನ ಹೊರಪದರಕ್ಕೆ ಹಾಕಬೇಕಾದದ್ದು ತಪ್ಪಿ ದೊಡ್ಡ ಅಳತೆಯಲ್ಲಿ ಒಳನೀರಿಗೆ ಹೋದ ಕೆಲವರಿಗೆ ಕಾಲಿನ ನರಗಳಿಗೆ ಪೆಟ್ಟಾಯಿತು. ಕೆಡದಂತೆ ಬೆರೆಸಿದ್ದ ಸಲ್ಫೈಟ್ ಎಂಬ ರಾಸಾಯನಿಕ ಮತ್ತು ಆ ದ್ರಾವಣದ ಹುಳಿಯ ಮೇಲೆ ಸಂಶಯ ಬಂದು, ಔಷಧ ಮೂಲೆಗೆ ಹೋಯಿತು. ಆಮೇಲೆ ಏನೂ ಬೆರೆಸದೆ ಶುದ್ಧವಾಗಿ ತಯಾರಿಸಿ, ಸಣ್ಣ ಅಳತೆಯಲ್ಲಿ ಪರೀಕ್ಷಿಸಿ, ಮತ್ತೆ ತಂದರು. ಬೆನ್ನಿನ ನೀರಿಗೆ ಹಾಕಲೆಂದೇ ಮಾಡಿದ ಶೇಕಡಾ ಒಂದರ ಔಷಧಕ್ಕೆ ಯುರೋಪಿನಲ್ಲಿ ಮೊದಲು, ಅಮೆರಿಕದಲ್ಲಿ 2017ರಲ್ಲಿ ಒಪ್ಪಿಗೆ ಸಿಕ್ಕಿತು. ನಮ್ಮ ದೇಶದ ಆಸ್ಪತ್ರೆಗಳಲ್ಲೂ ಬಳಕೆಗೆ ಬಂದಿದೆ, ಎಲ್ಲ ಕಡೆಯೂ ಇರುವುದಿಲ್ಲ. ನಲವತ್ತು ಐವತ್ತು ಮಿಲಿಗ್ರಾಮ್ ಹಾಕಿದರೆ ಬೇಗ ಹಿಡಿಯುತ್ತದೆ, ಎರಡು ಮೂರು ತಾಸಿನಲ್ಲಿ ಮನುಷ್ಯ ಎದ್ದು ನಡೆದು ಮೂತ್ರಕ್ಕೂ ಹೋಗಿ ಬರುತ್ತಾನೆ. ತೊಡೆನೋವಿನ ಆ ಕಾಟವೂ ಬಹಳ ಕಡಿಮೆ. ಯುರೋಪಿನಲ್ಲಿ ಪ್ರಿಲೋಕೇನ್ ಎಂಬ ಇನ್ನೊಂದನ್ನೂ ಇದೇ ಕೆಲಸಕ್ಕೆ ಬಳಸುತ್ತಾರೆ, ಅದು ಇದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತದೆ.

ನನ್ನ ತಮ್ಮನ ಮಗ ಕಬಡ್ಡಿ ಆಡುವವನು. 2023ರಲ್ಲಿ ಅವನ ಮೊಣಕಾಲಿಗೂ ಅದೇ ಆಪರೇಷನ್. ಹಿಂದಿನ ದಿನ ಭೂಲ ಕೊಡುವ ಡಾಕ್ಟರನ್ನು ನೋಡಲು ಹೋದಾಗ ನಾನು ಜತೆಗೆ ಹೋದೆ. ಮರಾಠಿಯಲ್ಲಿ ಭೂಲ ಎಂದರೆ ಅರಿವಳಿಕೆ, ನಿಮಗೆ ಗೊತ್ತೇ ಇದೆ. ನನ್ನ ಹಳೆಯ ಕಾಗದ ತೋರಿಸಿ, "ಡಾಕ್ಟರ್, ನಮ್ಮೂರ ಕೊನೆಯ ಬಸ್ಸು ಸಂಜೆಯದು" ಎಂದೆ. ಅವರು ನಗಲಿಲ್ಲ. ಕುಳಿತು ಐದು ನಿಮಿಷ ಮಾತಾಡಿದರು. ಕ್ಲೋರೋಪ್ರೋಕೇನ್ 50 ಮಿಲಿಗ್ರಾಮ್ ಎಂದಾಗ ಹುಡುಗ ಹೌಹಾರಿದ, "ದೊಡ್ಡಪ್ಪಗ ಹದಿನೈದು, ನನಗ ಐವತ್ತ?" ಎಂದು. ಒಂದೊಂದು ಔಷಧದ ಕಸುವು ಒಂದೊಂದು ತರಹ. ಜೋಳದ ಕಿಲೋ, ಬಂಗಾರದ ತೊಲ ಎರಡನ್ನೂ ಒಂದೇ ತಕ್ಕಡಿಯಲ್ಲಿ ಹೋಲಿಸಬಾರದು. ಒಂಬತ್ತೂವರೆಗೆ ಸೂಜಿ, ಹನ್ನೆರಡಕ್ಕೆ ಎದ್ದು ನಿಂತ, ಹನ್ನೆರಡೂವರೆಗೆ ಮೂತ್ರ, ಎರಡು ಗಂಟೆಗೆ ಬಿಟ್ಟರು.

ಆದರೆ ಅವನ ಕಥೆಯಲ್ಲೂ ಒಂದು ಮುಳ್ಳಿತ್ತು. ಔಷಧ ಬೇಗ ಬಿಟ್ಟರೆ ನೋವೂ ಬೇಗ ಬರುತ್ತದೆ. ನಾನು ರಾತ್ರಿಯವರೆಗೆ ಮೂತ್ರಕ್ಕೆ ಒದ್ದಾಡಿದರೂ ಮೊಣಕಾಲು ನೋಯಲಿಲ್ಲ. ಅವನಿಗೆ ಮಧ್ಯಾಹ್ನಕ್ಕೇ ನೋವು ಶುರುವಾಯಿತು. ಸರ್ಜನ್ ಕೊನೆಯಲ್ಲಿ ಕೀಲಿನೊಳಗೇ ಮರಗಟ್ಟಿಸುವ ಔಷಧ ಬಿಟ್ಟಿದ್ದರು, ಗುಳಿಗೆಯನ್ನೂ ಸೂಜಿ ಇಳಿಯುವ ಮೊದಲೇ ಕೊಟ್ಟಿದ್ದರು, ಆದ್ದರಿಂದ ತಡೆದುಕೊಂಡ. ಗುಳಿಗೆಯನ್ನು ನೋವು ಬಂದ ಮೇಲೆ ನುಂಗೋಣವೆಂದು ಇಟ್ಟುಕೊಂಡಿದ್ದರೆ ಬಸ್ಸಿನಲ್ಲಿ ಕೂಗಾಡುತ್ತಿದ್ದ.

ಮೂತ್ರದ ಮಾತನ್ನು ಮತ್ತೆ ಯಾಕೆ ಎತ್ತುತ್ತೇನೆಂದರೆ, ನಾಚಿಕೆಯಿಂದ ನಾವು ಮುಚ್ಚಿಡುವುದು ಇದನ್ನೇ. ಮೂತ್ರಕೋಶದ ನರಗಳು ಬೆನ್ನೆಲುಬಿನ ತೀರ ಕೆಳಗಿನವು, ಎಲ್ಲಕ್ಕಿಂತ ಕೊನೆಗೆ ಎಚ್ಚರಗೊಳ್ಳುವವು ಅವೇ. ಕಾಲು ಎದ್ದಿತೆಂದರೆ ಅವೂ ಎದ್ದವು ಎಂದಲ್ಲ. ಚೀಲ ತುಂಬಿದ್ದು ತಿಳಿಯುವುದಿಲ್ಲ. ಅರ್ಧ ಲೀಟರಿಗೂ ಮೀರಿ ತುಂಬಿ ತಾಸುಗಟ್ಟಲೆ ಹಿಗ್ಗಿದರೆ ಆ ಸ್ನಾಯು ಸೋತು, ಔಷಧ ಇಳಿದ ಮೇಲೂ ಹಿಂಡಲಾರದು. ಐವತ್ತು ದಾಟಿದ ಗಂಡಸರು, ರಾತ್ರಿ ನಾಲ್ಕು ಸಲ ಏಳುವವರು, ಧಾರೆ ಸಣ್ಣಗಾದವರು, ಇದನ್ನು ಹಿಂದಿನ ದಿನವೇ ಭೂಲದ ಡಾಕ್ಟರಿಗೆ ಹೇಳಬೇಕು. ಔಷಧದ ಆಯ್ಕೆಯೂ ಅಳತೆಯೂ ಸಲೈನೂ ಅದರ ಮೇಲೆ ಬದಲಾಗುತ್ತದೆ. ಕಿರಿಯರಿಗೆ, ಅಲ್ಪಾವಧಿಯ ಔಷಧ ಹಾಕಿದವರಿಗೆ, ಮೂತ್ರ ಆಗುವ ಮೊದಲೇ ಮನೆಗೆ ಕಳಿಸುವ ಪದ್ಧತಿಯೂ ಕೆಲವು ಕಡೆ ಇದೆ. ಊರು ನಲವತ್ತು ಕಿಲೋಮೀಟರ್ ದೂರವಿದ್ದರೆ ನನ್ನ ಮಟ್ಟಿಗೆ ಅದು ಬೇಡ, ಆಗಿಯೇ ಹೊರಡಿ.

ರಕ್ತ ತೆಳುವಾಗಿಸುವ ಗುಳಿಗೆ ನುಂಗುವವರು ಅದರ ಚೀಟಿಯನ್ನೇ ಒಯ್ಯಿರಿ. ಬೆನ್ನೊಳಗೆ ರಕ್ತ ಸೋರಿ ಗಡ್ಡೆಯಾದರೆ ನರ ಅದುಮಿಹೋಗುತ್ತದೆ. ಕ್ಲೋಪಿಡೋಗ್ರೆಲ್‌ನಂಥದ್ದನ್ನು ಐದಾರು ದಿನ ಮುಂಚೆಯೇ ನಿಲ್ಲಿಸಬೇಕಾಗುತ್ತದೆ. ಆದರೆ ನಿಲ್ಲಿಸಬೇಕೋ ಬೇಡವೋ ಎಂಬುದನ್ನು ಹೃದಯದ ಡಾಕ್ಟರೇ ಹೇಳಬೇಕು, ನೀವೇ ನಿಲ್ಲಿಸಬೇಡಿ.

ಇನ್ನು ಬೀರ್ ಸಾಹೇಬರ ತಲೆನೋವು. ಸೂಜಿ ಮಾಡಿದ ತೂತಿನಿಂದ ಬೆನ್ನಿನ ನೀರು ಸೋರುತ್ತಿದ್ದರೆ ಅದು ಬರುತ್ತದೆ. ಗುರುತು ಸುಲಭ: ಎದ್ದು ಕೂತರೆ ತಲೆ ಸಿಡಿಯುತ್ತದೆ, ಮಲಗಿದರೆ ಇಳಿಯುತ್ತದೆ. ಈಗ ಸೂಜಿಗಳು ಕೂದಲಿನಂತೆ ತೆಳುವು, 25, 27 ನಂಬರಿನವು, ನಂಬರ್ ಏರಿದಷ್ಟೂ ತೆಳು. ತುದಿಯೂ ಕತ್ತರಿಸುವಂಥದ್ದಲ್ಲ, ಪೆನ್ಸಿಲ್ ಮೊನೆಯ ಹಾಗೆ ಎಳೆಗಳನ್ನು ಸರಿಸಿ ಒಳಹೋಗುವಂಥದ್ದು. ಆದ್ದರಿಂದ ತಲೆನೋವು ಕಡಿಮೆಯಾಗಿದೆ, ಇಲ್ಲವೇ ಇಲ್ಲವೆಂದಲ್ಲ. ಕಷ್ಟವೇನೆಂದರೆ ಅದು ಒಂದೆರಡು ದಿನದ ಮೇಲೆ, ನೀವು ಊರಿಗೆ ಬಂದಾದ ಮೇಲೆ ಬರುತ್ತದೆ. ದೃಷ್ಟಿ ತೆಗೆಸುತ್ತ ಕೂರಬೇಡಿ. ಆಸ್ಪತ್ರೆಗೆ ಫೋನು ಮಾಡಿ. ನೀರು, ಚಹಾ, ಗುಳಿಗೆಯಿಂದ ಬಹುತೇಕ ಹೋಗುತ್ತದೆ. ಹೋಗದಿದ್ದರೆ ನಿಮ್ಮದೇ ಒಂದಿಷ್ಟು ರಕ್ತ ತೆಗೆದು ಬೆನ್ನಿನ ಆ ಜಾಗಕ್ಕೆ ಹಾಕಿ ತೂತು ಮುಚ್ಚುವ ಉಪಾಯವಿದೆ. ಆದರೆ ಜ್ವರ, ಕುತ್ತಿಗೆ ಬಿಗಿತ, ಒಮ್ಮೆ ಎದ್ದ ಕಾಲು ಮತ್ತೆ ಸೋಲುವುದು, ಬೆನ್ನಿನಲ್ಲಿ ತಡೆಯಲಾರದ ನೋವು, ಮೂತ್ರ ಕಟ್ಟುವುದು, ಇವುಗಳಲ್ಲಿ ಯಾವುದು ಕಂಡರೂ ಫೋನು ಅಲ್ಲ, ಗಾಡಿ ಮಾಡಿಕೊಂಡು ರಾತ್ರಿಯಾದರೂ ಹೋಗಬೇಕು.

ಭಾಷೆಯ ವಿಷಯ ಹೇಳದೆ ಮುಗಿಸಲಾರೆ. 2012ರಲ್ಲಿ ನನ್ನ ಪಕ್ಕದ ಹಾಸಿಗೆಯಲ್ಲಿ ಜತ್ತ ತಾಲೂಕಿನ ಒಬ್ಬ ಮುದುಕರಿದ್ದರು, ಮರಾಠಿ ಅಷ್ಟಕ್ಕಷ್ಟೆ. ಕಾಲಿನ ಆಪರೇಷನ್ನಿನ ದಿನ ಡಾಕ್ಟರು ಅವರನ್ನು "ಪಾಯ ಬಧೀರ ಝಾಲಾ ಕಾ?" ಎಂದು ಕೇಳಿದರಂತೆ. ಕಾಲು ಮರಗಟ್ಟಿತೇ ಎಂದು ಅದರ ಅರ್ಥ. ನಮ್ಮಲ್ಲಿ ಪಾಯ ಎಂದರೆ ಮನೆಯ ಬುನಾದಿ, ಬಧಿರ ಎಂದರೆ ಕಿವುಡ. ಅವರು, "ಇಲ್ರೀ ಸಾಹೇಬ್ರ, ಪಾಯಾ ಗಟ್ಟಿ ಐತಿ, ಕಿವೀನೂ ಛಲೋ ಕೇಳಸ್ತಾವ" ಎಂದರಂತೆ. ಹೇಳಿಕೊಂಡು ತಾವೇ ನಕ್ಕರು. ಆದರೆ ಯೋಚಿಸಿ, ಔಷಧ ಹಿಡಿದಿದೆಯೋ ಇಲ್ಲವೋ ಎಂಬುದು ಡಾಕ್ಟರಿಗೆ ತಿಳಿಯುವುದು ನಿಮ್ಮ ಬಾಯಿಂದಲೇ. ತಣ್ಣನೆಯ ಹತ್ತಿ ಮುಟ್ಟಿಸಿ ಕೇಳುತ್ತಾರೆ. ತಂಪು ತಿಳಿಯುತ್ತದೆಯೋ, ಬರೀ ಮುಟ್ಟಿದ್ದು ತಿಳಿಯುತ್ತದೆಯೋ, ಎರಡೂ ಬೇರೆ. ಹಿಡಿಯದೆಯೇ ಹೂಂ ಎನ್ನಬೇಡಿ. ನಾವು ಜೋಮು ಎನ್ನುವುದನ್ನು ಮರಾಠಿಯವರು "ಮುಂಗ್ಯಾ", ಅಂದರೆ ಇರುವೆಗಳು ಬಂದವು, ಎನ್ನುತ್ತಾರೆ. ಈ ನಾಲ್ಕು ಮಾತುಗಳನ್ನು ಮನೆಯ ಹಿರಿಯರಿಗೆ ಕಲಿಸಿಯೇ ಕರೆದೊಯ್ಯಿರಿ. ಅಡೋಣಿಯ ಕಡೆಯವರು ತೆಲುಗಿನಲ್ಲಿ, ಕಾಸರಗೋಡಿನವರು ಮಲಯಾಳದಲ್ಲಿ ಇದೇ ಮಾತುಗಳನ್ನು ಮೊದಲೇ ಕೇಳಿಟ್ಟುಕೊಳ್ಳಿ.

ಒಂದು ಮಾತು ಉಳಿಯಿತು. ವಯಸ್ಸಿನಿಂದ ಸವೆದ ಮೊಣಕಾಲಿಗೆ ದುರ್ಬೀನಿನಿಂದ ಲಾಭವಿಲ್ಲವೆಂದು 2017ರಲ್ಲಿ ದೇಶದೇಶಗಳ ತಜ್ಞರು ಕೂಡಿ ಹೇಳಿದ್ದಾರೆ. ಅಂಥವರು ಬೆನ್ನಿನ ಔಷಧದ ಚಿಂತೆಗಿಂತ ಮೊದಲು, ಆಪರೇಷನ್ನೇ ಬೇಕೇ ಎಂದು ಕೇಳುವುದು ಸರಿ. ನನ್ನ ಗ್ರಾಹಕರದು ಹಾಗಲ್ಲ, ಹರಿದ ಚೂರು ಮಡಚಿ ಕೀಲಿನಲ್ಲಿ ಸಿಕ್ಕಿಕೊಂಡದ್ದು. ಸಕ್ಕರೆ ಕಾಯಿಲೆಯಿಲ್ಲ, ಆದರೆ ರಾತ್ರಿ ಮೂರು ಸಲ ಏಳುತ್ತಾರಂತೆ. ಅದನ್ನು ಬಸ್ ನಿಲ್ದಾಣದಲ್ಲಿ ನನಗೆ ಕಿವಿಯಲ್ಲಿ ಹೇಳಿದರು. "ನನಗಲ್ಲ, ಡಾಕ್ಟರಿಗೆ ಹೇಳ್ರಿ" ಎಂದೆ.

ಮೊನ್ನೆ ಅವರ ಮಗ ಫೋನು ಮಾಡಿದ್ದ. ಡಾಕ್ಟರಿಗೆ ಹೇಳಿದರಂತೆ. ಬರುವ ಮಂಗಳವಾರ ಬೆಳಗಿನ ಪಟ್ಟಿಯಲ್ಲಿ ಮೊದಲನೆಯ ಹೆಸರು ಅವರದೇ, ಸಂಜೆಯ ಬಸ್ಸಿಗೆ ಹೊತ್ತು ಸಿಗಲೆಂದು. ಆಗದಿದ್ದರೆ ಇರಲೆಂದು ಸೊಲ್ಲಾಪುರದ ಅಳಿಯನ ಮನೆಗೂ ತಿಳಿಸಿಟ್ಟಿದ್ದಾರಂತೆ.